ನನ್ನ ಸಿಟ್ಟು ನನ್ನದೋ, ಅಪ್ಪನ ಮೊಪೆಡ್‌ನದೋ?

ವರದಾ ತೀರ
ಬಹಳ ದಿನಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಬೈದುಕೊಳ್ಳಬೇಡಿ.

ನನಗೆ 34 ವರ್ಷ. ಹಾವೇರಿ ಕಡೆಯವಳು. ಅಪ್ಪ ಕುಡಿಯುತ್ತಿದ್ದರು. ನಮ್ಮ ಮನೆಯ ಓಣಿ ಸ್ವಲ್ಪ ಏರು. ಅಪ್ಪ ಮೊಪೆಡ್ ಮೇಲೆ ಕುಳಿತೇ ಏರಿ ಬಂದರೆ ಅಂದು ಕುಡಿದಿಲ್ಲ ಎಂದು ಅರ್ಥ. ಓಣಿಯ ತುದಿಯಲ್ಲೇ ಎಂಜಿನ್ ನಿಂತು, ಗಾಡಿ ತಳ್ಳಿಕೊಂಡು ಬರುವ ಸದ್ದು ಕೇಳಿದರೆ ನಾನು ತಮ್ಮನ ಕೈ ಹಿಡಿದು ಹಿತ್ತಲಿನ ಕಟ್ಟಿಗೆ ಕೋಣೆಗೆ ಓಡುತ್ತಿದ್ದೆ. ಓದುವಾಗ, ಉಣ್ಣುವಾಗ, ಒಂದು ಕಿವಿ ಯಾವಾಗಲೂ ಓಣಿಯ ಕಡೆಗೇ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಕಿವಿ ಇನ್ನೂ ಓಣಿಯಲ್ಲೇ ಇದೆ.

ಈಗಿನ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಆದರೂ ಅವರು ಚಪ್ಪಲಿ ಬಿಡುವ ಸದ್ದಿನಲ್ಲೇ ಅವರ ಮನಸ್ಸು ಹೇಗಿದೆ ಎಂದು ಲೆಕ್ಕ ಹಾಕುತ್ತೇನೆ. ಫೋನ್ ಎತ್ತದಿದ್ದರೆ ಹತ್ತು ನಿಮಿಷಕ್ಕೆ ಇಪ್ಪತ್ತು ಕರೆ. ಮನೆಗೆ ಬಂದ ಮೇಲೆ ‘ನೀವು ನನ್ನನ್ನು ಬಿಟ್ಟು ಹೋಗುವವರೇ, ಈಗಲೇ ಹೋಗಿ’ ಎಂದು ಕೂಗಾಡಿ, ಅರ್ಧ ಗಂಟೆಯಲ್ಲಿ ‘ಹೋಗಬೇಡಿ’ ಎಂದು ಅಳುತ್ತೇನೆ. ಹೋದ ತಿಂಗಳು ಕುಕ್ಕರಿನ ಮುಚ್ಚಳ ಎಸೆದೆ. ಯಾರಿಗೂ ತಾಗಲಿಲ್ಲ, ಗೋಡೆಯ ಗಾರೆ ಕಿತ್ತು ಬಂತು. ಮರುದಿನ ಆರು ವರ್ಷದ ಮಗಳು ಶಾಲೆಯಿಂದ ಬಂದವಳು ಹೊಸ್ತಿಲ ಹೊರಗೇ ನಿಂತು, ‘ಅಮ್ಮಾ, ಇವತ್ತು ನೀನು ಚೆನ್ನಾಗಿದ್ದೀಯಾ?’ ಎಂದು ಕೇಳಿದಳು. ನಾನು ಉತ್ತರ ಕೊಡುವ ತನಕ ಒಳಗೆ ಬರಲಿಲ್ಲ.

ಆಪ್ತಸಮಾಲೋಚಕರೊಬ್ಬರು ಒಂದೇ ಭೇಟಿಯಲ್ಲಿ ‘ಬಾಲ್ಯದ ಆಘಾತ, ಅದರಿಂದ ವ್ಯಕ್ತಿತ್ವದ ತೊಂದರೆ’ ಎಂದು ಚೀಟಿಯಲ್ಲಿ ಬರೆದು ಕಳಿಸಿದರು. ಅಮ್ಮ ‘ನಾವೂ ಏಟು ತಿಂದೇ ಬೆಳೆದವರು, ನಿನ್ನದೇನು ಹೆಚ್ಚುಗಾರಿಕೆ’ ಎನ್ನುತ್ತಾರೆ. ತಮ್ಮ ಅದೇ ಕಟ್ಟಿಗೆ ಕೋಣೆಯಲ್ಲಿ ಕುಳಿತವನು, ಅವನು ತಣ್ಣಗಿದ್ದಾನೆ. ಹಾಗಾದರೆ ಇದು ಅಪ್ಪ ಮಾಡಿದ್ದೋ, ನನ್ನ ಹುಟ್ಟುಗುಣವೋ? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದೇ ಭಯ.

ಮಲ್ಲಿಗೆ ಮೊಗ್ಗು
ನಮ್ಮ ಮನೆಯಲ್ಲಿ ಮೊಪೆಡ್ ಅಲ್ಲ, ಗೇಟಿನ ಚಿಲಕ. ಇಂದಿಗೂ ಪಕ್ಕದ ಮನೆಯವರು ಚಿಲಕ ಎಳೆದರೆ ನನ್ನ ಕೈಯಲ್ಲಿರುವ ಲೋಟ ಅಲುಗಾಡುತ್ತದೆ.

ನಿವೃತ್ತ ಮೇಷ್ಟ್ರು
ತಂಗಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಈಗಿನವರಿಗೆ ಎಲ್ಲದಕ್ಕೂ ಒಂದು ಕಾಯಿಲೆಯ ಹೆಸರು ಬೇಕು. 31 ವರ್ಷ ಪಾಠ ಮಾಡಿದ್ದೇನೆ. ಹುಣಸೆ ಬರಲು ನನ್ನ ಮೇಜಿನ ಮೇಲೆ ಸದಾ ಇರುತ್ತಿತ್ತು. ಹಾಗೆ ಏಟು ತಿಂದ ಹುಡುಗರು ಇಂದು ಎಂಜಿನಿಯರ್, ತಹಶೀಲ್ದಾರ್. ಮದುವೆ ಪತ್ರಿಕೆ ಕೊಡಲು ಮನೆ ಹುಡುಕಿಕೊಂಡು ಬಂದು ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ‘ನಿಮ್ಮ ಏಟಿನಿಂದಲೇ ಉದ್ಧಾರವಾದೆ ಸಾರ್’ ಎನ್ನುತ್ತಾರೆ. ಅವರಿಗೆ ಯಾವ ಆಘಾತವೂ ಆಗಿಲ್ಲವಲ್ಲ?

ಹೊಸಪೇಟೆ ಹುಡುಗ
ಮೇಷ್ಟ್ರೇ, ಕಾಲು ಮುಟ್ಟಲು ಬಂದವರನ್ನು ಮಾತ್ರ ಎಣಿಸಿದ್ದೀರಿ. ಬರದೇ ಇದ್ದವರ ಲೆಕ್ಕ ಯಾವ ಪುಸ್ತಕದಲ್ಲಿದೆ? ಅಂದ ಹಾಗೆ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಪ್ರಕಾರ ಮಕ್ಕಳಿಗೆ ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡೂ ನಿಷಿದ್ಧ. ಬರಲು ಈಗ ಹುಣಸೆ ಮರದಲ್ಲೇ ಇರಲಿ.

ನಿವೃತ್ತ ಮೇಷ್ಟ್ರು
ನಾನು ನಿವೃತ್ತನಾದದ್ದು ಆ ಕಾಯ್ದೆ ಬರುವ ಮೊದಲೇ. ಕಾನೂನು ಪಾಠ ಬೇಡ.

ಹಳೆ ಗ್ಯಾರೇಜು
ವಿಷಯಾಂತರಕ್ಕೆ ಕ್ಷಮೆ ಇರಲಿ. ಆ ಕಾಲದ ಮೊಪೆಡ್ ಏರಿನಲ್ಲಿ ಪೆಡಲ್ ತುಳಿಯದೆ ಏರುತ್ತಿರಲಿಲ್ಲ. ಕುಡಿದವನಿಗೆ ಪೆಡಲ್ ತುಳಿಯುತ್ತಾ ಗಾಡಿ ಹತೋಟಿಯಲ್ಲಿಡಲು ಆಗುವುದಿಲ್ಲ, ಇಳಿದು ತಳ್ಳಲೇಬೇಕು. ಪುಟ್ಟ ಹುಡುಗಿ ಇದನ್ನು ಸದ್ದಿನಲ್ಲೇ ಕಂಡುಹಿಡಿದಿದ್ದಾಳಲ್ಲ, ನನ್ನ ಗ್ಯಾರೇಜಿನ ಹುಡುಗರಿಗೂ ಆ ಕಿವಿ ಇರಲಿಲ್ಲ.

ಕಾವೇರಿ ಕಣಿವೆ
ನಾನು ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಇಲ್ಲಿ ಕುಳಿತು ಯಾರಿಗೂ ರೋಗದ ಹೆಸರು ಅಂಟಿಸುವುದಿಲ್ಲ. ಒಂದೇ ಭೇಟಿಯಲ್ಲಿ ಚೀಟಿ ಬರೆದುಕೊಟ್ಟವರ ಅವಸರವನ್ನೂ ಒಪ್ಪುವುದಿಲ್ಲ. ವ್ಯಕ್ತಿತ್ವದ ತೊಂದರೆ ಎಂದು ಹೇಳಬೇಕಾದರೆ ಅದು ಒಂದು ಕೆಟ್ಟ ತಿಂಗಳಿನ ಕಥೆಯಾಗಿರಬಾರದು. ವರ್ಷಗಟ್ಟಲೆ, ಮನೆಯಲ್ಲೂ ಕೆಲಸದಲ್ಲೂ ಗೆಳೆತನದಲ್ಲೂ ಅದೇ ಜಾಡು ಕಾಣಿಸಬೇಕು.

ಹಳೆಯ ಪದ್ಧತಿಯಲ್ಲಿ ಇದಕ್ಕೆ ಹತ್ತಾರು ಬಗೆಗಳಿದ್ದವು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಆ ಡಬ್ಬಿಗಳನ್ನೆಲ್ಲ ತೆಗೆದುಹಾಕಿ, ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂದು ಮಾತ್ರ ಮೊದಲು ಕೇಳುತ್ತದೆ. ಉಳಿಸಿಕೊಂಡ ಒಂದೇ ಒಂದು ಹಳೆಯ ಹೆಸರು ‘ಬಾರ್ಡರ್‌ಲೈನ್’ ಮಾದರಿ. ಬಿಟ್ಟು ಹೋಗುತ್ತಾರೆಂಬ ವಿಪರೀತ ಭಯ, ಇವತ್ತು ದೇವರಂತೆ ಕಂಡವರು ನಾಳೆ ಶತ್ರುವಿನಂತೆ ಕಾಣುವುದು, ಸಿಟ್ಟು ಉಕ್ಕಿ ಬರುವುದು, ತಾನು ಯಾರೆಂಬುದೇ ಅಲುಗಾಡುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಅದರ ಲಕ್ಷಣಗಳು. ಅದೇ ಪುಸ್ತಕದಲ್ಲಿ ‘ಸಂಕೀರ್ಣ ಆಘಾತೋತ್ತರ ಒತ್ತಡ’ ಎಂಬ ಬೇರೆ ಹೆಸರೂ ಮೊದಲ ಬಾರಿಗೆ ಸೇರಿದೆ. ತಪ್ಪಿಸಿಕೊಳ್ಳಲಾಗದಂತೆ ಮತ್ತೆ ಮತ್ತೆ ನಡೆದ ಹಿಂಸೆಯ ನಂತರ ಬರುವಂಥದ್ದು. ದೇಹ ಸದಾ ಕಾವಲು ಕಾಯುತ್ತಿರುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆ. ಎರಡೂ ಒಂದರ ಮೇಲೊಂದು ಕವಿದುಕೊಂಡಿರಬಹುದು. ಬಿಡಿಸಿ ನೋಡಲು ಹಲವು ಭೇಟಿಗಳು ಬೇಕು.

ಅಕ್ಕಾ, ‘ಅಪ್ಪನೋ ಹುಟ್ಟುಗುಣವೋ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಎರಡೂ. ಸ್ವೀಡನ್‌ನಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ನೋಡಿ ಸಂಶೋಧಕರು 2019ರಲ್ಲಿ ಹೇಳಿದ್ದು, ಬಾರ್ಡರ್‌ಲೈನ್ ತೊಂದರೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ 46 ಭಾಗ ವಂಶವಾಹಿಯಿಂದ ಎಂದು. ಉಳಿದದ್ದು ಬದುಕಿನಿಂದ. ಕೆಲವು ಮಕ್ಕಳು ತೆಳು ಚರ್ಮದವರಾಗಿಯೇ ಹುಟ್ಟುತ್ತಾರೆ. ಅಂಥ ಮಗು ಶಾಂತ ಮನೆಯಲ್ಲಿ ಬೆಳೆದರೆ ‘ಬಹಳ ಸೂಕ್ಷ್ಮ’ ಎನಿಸಿಕೊಳ್ಳುತ್ತದೆ. ನಿಮ್ಮ ಓಣಿಯಲ್ಲಿ ಬೆಳೆದರೆ ಇಪ್ಪತ್ತು ಕರೆ ಮಾಡುತ್ತದೆ.

ಅಂಕಿ ರಾಯ
ಒಳ್ಳೆಯ ವಿವರಣೆ. ಆದರೆ ನನ್ನ ತಕರಾರು ಬೇರೆ. ಇಂದು ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳ ‘ಏಸ್ ಅಂಕ’ (ಬಾಲ್ಯದ ಕಹಿ ಅನುಭವಗಳ ಎಣಿಕೆ) ಎಂದು ಓಡಾಡುತ್ತಿದೆ. ನಾಲ್ಕು ಬಂದರೆ ಬದುಕೇ ಮುಗಿಯಿತು ಎನ್ನುವಂತೆ ಹೆದರಿಸುತ್ತಾರೆ. ಅದರ ಮೂಲ ಏನು ಗೊತ್ತೇ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜಿನ ಚಿಕಿತ್ಸೆ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೇಳುತ್ತಾ ಹೋದಾಗ ಅವರಲ್ಲಿ ಅನೇಕರು ಬಾಲ್ಯದ ಲೈಂಗಿಕ ದೌರ್ಜನ್ಯದ ಕಥೆ ಹೇಳಿದರು. ಅಲ್ಲಿಂದ ರಾಬರ್ಟ್ ಆಂಡಾ ಎಂಬವರ ಜೊತೆ ಸೇರಿ 17 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು, ಮೊದಲ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಸುಮಾರು ಮೂರರಲ್ಲಿ ಇಬ್ಬರಿಗೆ ಕನಿಷ್ಠ ಒಂದು ಕಹಿ ಅನುಭವ, ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು. ಅವರೆಲ್ಲ ಆರೋಗ್ಯ ವಿಮೆ ಇದ್ದವರು, ಬಹುಪಾಲು ಮಧ್ಯಮ ವರ್ಗದವರು. ಮುಂದೆ ಆಂಡಾ ಅವರೇ ಎಚ್ಚರಿಸಿದರು: ಇದು ಜನಸಮೂಹದ ಲೆಕ್ಕ, ಒಬ್ಬ ವ್ಯಕ್ತಿಯ ಹಣೆಬರಹ ಓದಲು ಬಳಸಬೇಡಿ ಎಂದು. ನಮ್ಮವರು ಜಾತಕ ಬಿಟ್ಟು ಇದನ್ನು ಹಿಡಿದುಕೊಂಡಿದ್ದಾರೆ ಅಷ್ಟೆ.

ಇನ್ನೊಂದು ಮಾತು, ಯಾರಿಗೂ ಇಷ್ಟವಾಗುವುದಿಲ್ಲ. ಬಾಲ್ಯದಲ್ಲಿಯೇ ದಾಖಲಾದ ಹಿಂಸೆ ಮತ್ತು ದೊಡ್ಡವರಾದ ಮೇಲೆ ನೆನಪಿಸಿಕೊಂಡು ಹೇಳಿದ ಹಿಂಸೆ, ಇವೆರಡನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ದಾಖಲೆ ಇದ್ದವರಲ್ಲಿ ಅರ್ಧದಷ್ಟು ಮಂದಿ ದೊಡ್ಡವರಾದ ಮೇಲೆ ಹೇಳಲೇ ಇಲ್ಲ. ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಾಖಲೆ ಇರಲಿಲ್ಲ. ನೆನಪು ಎಂಬುದು ಸಾಕ್ಷಿ ಹೇಳುವಾಗ ಅಷ್ಟು ನಂಬಿಕಸ್ಥನಲ್ಲ.

ಮಲ್ಲಿಗೆ ಮೊಗ್ಗು
ರಾಯರೇ, ನಮ್ಮ ಮನೆಯ ಚಿಲಕದ ಬಗ್ಗೆ ಯಾವ ಠಾಣೆಯಲ್ಲಿ ದಾಖಲೆ ಇರಬೇಕಿತ್ತು? ಅಜ್ಜಿಗೇ ಹೇಳಿರಲಿಲ್ಲ ನಾನು. ದಾಖಲೆ ಇಲ್ಲವೆಂದರೆ ನಡೆದಿಲ್ಲವೆಂದೇ?

ಅಂಕಿ ರಾಯ
ಹಾಗೆ ನಾನು ಹೇಳಲಿಲ್ಲ. ದಾಖಲೆಗೆ ಬರುವುದು ತೀರಾ ಕಡಿಮೆ ಎಂಬುದನ್ನು ಒಪ್ಪುತ್ತೇನೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದಾಗ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ, ಆದರೆ ನಾವು ಬೇರೆ ಮಣ್ಣಿನವರೇನಲ್ಲ. ನಾನು ಹೇಳಿದ್ದು ಇಷ್ಟೇ: ಈಗಿನ ಸಂಕಟಕ್ಕೆಲ್ಲ ಒಂದೇ ಕಾರಣ ಹುಡುಕಬೇಡಿ.

ಪಂಚಾಂಗ ಪ್ರಿಯ
ಸಪ್ತಮದಲ್ಲಿ ಕುಜ ಇದ್ದರೆ ಹೀಗೆಯೇ. ಜಾತಕ ಕಳುಹಿಸಿ, ನೋಡುತ್ತೇನೆ.

ಹೊಸಪೇಟೆ ಹುಡುಗ
ಬಂದರು ನೋಡಿ.

ಒಂಟಿ ಎತ್ತು
ಯಾರೂ ಕೇಳದ ಕಡೆಯಿಂದ ಒಂದು ಮಾತು. ನಾನು ಆ ಇಪ್ಪತ್ತು ಕರೆಗಳ ಇನ್ನೊಂದು ತುದಿಯಲ್ಲಿದ್ದವನು. ಆರು ವರ್ಷ. ನನ್ನ ಹೆಂಡತಿಗೂ ಕೆಟ್ಟ ಬಾಲ್ಯ, ಮಲತಾಯಿಯ ಕಾಟ, ಎಲ್ಲವೂ ನಿಜ. ಮೊದಲು ಆ ಕಥೆ ಕೇಳಿ ಕರಗಿದೆ. ಆಮೇಲೆ ಪ್ರತಿ ಜಗಳದ ಕೊನೆಗೂ ಅದೇ ಕಥೆ ಬರುತ್ತಿತ್ತು, ನಾನೇ ಕ್ಷಮೆ ಕೇಳುತ್ತಿದ್ದೆ. ನನ್ನ ತಲೆಗೆ ಬಿದ್ದ ಹೊಲಿಗೆ ನಾಲ್ಕು. ವೈದ್ಯರಿಗೆ ಬಚ್ಚಲಲ್ಲಿ ಜಾರಿದೆ ಎಂದೆ. ಗಂಡಸು ಬೇರೆ ಏನು ಹೇಳಬೇಕು? ಈಗ ಬೇರೆಯಾಗಿದ್ದೇವೆ. ಅವರ ಮೇಲೆ ದ್ವೇಷವಿಲ್ಲ. ಆದರೆ ಕಾರಣ ತಿಳಿದ ಮಾತ್ರಕ್ಕೆ ಎಸೆದ ಮುಚ್ಚಳ ಮೆತ್ತಗಾಗುವುದಿಲ್ಲ.

ಮಲ್ಲಿಗೆ ಮೊಗ್ಗು
ಸಹಾಯ ಕೇಳಿ ಬಂದವರ ಮುಂದೆ ಇದನ್ನು ಹೇಳಬೇಕಿತ್ತೇ?

ವರದಾ ತೀರ
ಹೇಳಲಿ ಬಿಡಿ. ನನ್ನ ಗಂಡ ಹೇಳದ್ದನ್ನು ಇವರು ಹೇಳಿದರು.

ನಿರ್ವಾಹಕ
ಇಲ್ಲಿ ಯಾರೂ ಯಾರಿಗೂ ರೋಗನಿರ್ಣಯ ಮಾಡಬೇಡಿ, ಜಾತಕವೂ ಬೇಡ. ಬದುಕು ಬೇಡವೆನಿಸುವಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ವಿಷಯಕ್ಕೆ 1098.

ಡಬ್ಲಿನ್‌ನ ಕನ್ನಡಿಗ
ವರದಾ ಅವರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ‘ತಮ್ಮ ಅದೇ ಕೋಣೆಯಲ್ಲಿ ಕುಳಿತವನು’ ಎಂದಿರಿ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡುಕ ಪೋಷಕರು, ಒಡೆದ ಮನೆ ಹೀಗೆ ಹಲವು ಕಷ್ಟಗಳು ಸೇರಿದ್ದ ಮಕ್ಕಳಲ್ಲಿ ಮೂರನೆಯ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶ, ನೆಚ್ಚಿಕೊಳ್ಳಲು ಯಾರಾದರೂ ಒಬ್ಬರು ಇದ್ದದ್ದು. ಅಜ್ಜಿ, ಅಕ್ಕ, ಶಿಕ್ಷಕಿ, ನೆರೆಮನೆಯವರು, ಯಾರೋ ಒಬ್ಬರು.

ನಿಮ್ಮ ತಮ್ಮನಿಗೆ ಕೈ ಹಿಡಿದು ಓಡಲು ನೀವಿದ್ದಿರಿ. ನಿಮ್ಮ ಕೈ ಹಿಡಿದವರು ಯಾರು?

ವರದಾ ತೀರ
ಇದನ್ನು ಓದಿ ಮೊಬೈಲ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ಅತ್ತು ಬಂದೆ. ಮತ್ತೆ ಬರೆಯುತ್ತೇನೆ.

ಹಳೆ ಗ್ಯಾರೇಜು
ಡಬ್ಲಿನ್ ಸಾಹೇಬರೇ, ಅಲ್ಲಿ ಮಳೆಯೇ? ಇಲ್ಲಿ ನಮಗೆ ಒಂದು ಹನಿಯೂ ಇಲ್ಲ.

ಡಬ್ಲಿನ್‌ನ ಕನ್ನಡಿಗ
ಮಳೆಯೇ. ಬೇರೆ ಏನಿದೆ ಇಲ್ಲಿ.

ನಿವೃತ್ತ ಮೇಷ್ಟ್ರು
ಶಿಕ್ಷಕಿ ಎಂಬ ಪದ ಓದಿ ಸುಮ್ಮನೆ ಕುಳಿತಿದ್ದೆ. ನೆಚ್ಚಿಕೊಳ್ಳಲು ಒಬ್ಬರು ಬೇಕಾದ ಮಕ್ಕಳು ನನ್ನ ತರಗತಿಯಲ್ಲೂ ಇದ್ದಿರಬೇಕು. ಮನೆಯಲ್ಲಿ ಏನು ನಡೆಯುತ್ತದೆಂದು ನಾವು ಕೇಳುತ್ತಿರಲಿಲ್ಲ. ಮನೆಪಾಠ ಮಾಡಿಲ್ಲ, ಕೈ ಚಾಚು. ಅಷ್ಟೇ.

ಹೊಸಪೇಟೆ ಹುಡುಗ
ಮೇಷ್ಟ್ರೇ, ನಾನು ಮೊದಲು ಬಿರುಸಾಗಿ ಮಾತನಾಡಿದೆ. ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ, ದನಿಯನ್ನು ಮಾತ್ರ ತಗ್ಗಿಸುತ್ತೇನೆ.

ಕಾವೇರಿ ಕಣಿವೆ
ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಭಯದ ಬಗ್ಗೆ. ಹಿಂದೆ ವೈದ್ಯರೂ ಹಾಗೆಯೇ ನಂಬಿದ್ದರು. ‘ಬಾರ್ಡರ್‌ಲೈನ್’ ಎಂಬ ಹೆಸರೇ ನೋಡಿ, 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬವರು, ಆಗಿನ ಯಾವ ಡಬ್ಬಿಗೂ ಸೇರದ, ಚಿಕಿತ್ಸೆಗೆ ಬಗ್ಗದ ರೋಗಿಗಳಿಗೆ ಇಟ್ಟ ಹೆಸರು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಮತ್ತು ತಂಡ ಈ ತೊಂದರೆಯಿಂದ ಒಳರೋಗಿಗಳಾಗಿದ್ದ 290 ಮಂದಿಯನ್ನು ಹಿಂಬಾಲಿಸಿತು. ಹತ್ತು ವರ್ಷಗಳಲ್ಲಿ ಶೇ 93 ಮಂದಿಗೆ ಕನಿಷ್ಠ ಎರಡು ವರ್ಷ ಕಾಲ ಲಕ್ಷಣಗಳು ಹಿಂದೆ ಸರಿದವು. ಕೆಲಸ, ಸಂಬಂಧ ಎಲ್ಲವೂ ಸೇರಿ ಪೂರ್ಣವಾಗಿ ಚೇತರಿಸಿಕೊಂಡವರು ಅರ್ಧದಷ್ಟು. ಅಂದರೆ ಬೆಂಕಿ ಆರುವುದು ಸುಲಭ, ಸುಟ್ಟ ಮನೆ ಮತ್ತೆ ಕಟ್ಟುವುದು ನಿಧಾನ.

ಇದಕ್ಕಾಗಿಯೇ ರೂಪಿಸಿದ ಚಿಕಿತ್ಸೆಗಳಲ್ಲಿ ಹೆಸರಾದದ್ದು ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಅದನ್ನು ಕಟ್ಟಿದ ಮಾರ್ಷಾ ಲೈನ್‌ಹನ್ ಹದಿನೇಳನೆಯ ವಯಸ್ಸಿನಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವರು. 2011ರಲ್ಲಿ ಅದೇ ಆಸ್ಪತ್ರೆಯಲ್ಲಿ ನಿಂತು ಅದನ್ನು ಬಹಿರಂಗವಾಗಿ ಹೇಳಿದರು. ಅವರ ಮೂಲಮಂತ್ರ ಒಂಟಿ ಎತ್ತು ಅವರ ತಕರಾರಿಗೆ ಉತ್ತರವಾಗಬಹುದು: ನೀನು ಇರುವ ಹಾಗೆ ಇರುವುದಕ್ಕೆ ಕಾರಣವಿದೆ, ಮತ್ತು ನೀನು ಬದಲಾಗಲೇಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ.

ಅಕ್ಕಾ, ಸಿಟ್ಟು ಉಕ್ಕುವ ಹೊತ್ತಿಗೆ ವಿಚಾರ ಮಾಡು ಎಂದರೆ ಆಗುವುದಿಲ್ಲ, ಮೊದಲು ದೇಹ ಇಳಿಯಬೇಕು. ಅಡುಗೆಮನೆ ಬಿಟ್ಟು ಹೊರಗೆ ಬನ್ನಿ. ಬೋಗುಣಿಯಲ್ಲಿ ತಣ್ಣೀರು ತುಂಬಿ, ಉಸಿರು ಹಿಡಿದು ಮುಖವನ್ನು ಅರ್ಧ ನಿಮಿಷ ಅದ್ದಿ, ಎದೆಬಡಿತ ನಿಧಾನವಾಗುತ್ತದೆ (ಹೃದಯದ ತೊಂದರೆ ಇದ್ದವರು ಇದನ್ನು ಮಾಡಬಾರದು). ಇದು ಮದ್ದಲ್ಲ, ಮುಚ್ಚಳ ಕೈಗೆ ಬರುವ ಮೊದಲು ಸಿಗುವ ಎರಡು ನಿಮಿಷ.

ಮಗಳಿಗೆ ಮಾತ್ರ ಇವತ್ತೇ ಹೇಳಿ: ‘ಅವತ್ತು ಅಮ್ಮ ಕೂಗಿದ್ದು ನಿನ್ನಿಂದಲ್ಲ. ಅದು ಅಮ್ಮನ ತಪ್ಪು. ಅಮ್ಮ ಅದನ್ನು ಸರಿಮಾಡಲು ಕಲಿಯುತ್ತಿದ್ದಾಳೆ.’ ಉದ್ದ ಬೇಡ. ನಿಮ್ಮ ಅಪ್ಪ ಒಮ್ಮೆಯಾದರೂ ಹೀಗೆ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ ನೋಡಿ.

ಒಂಟಿ ಎತ್ತು
‘ನೀನು ಬದಲಾಗಲೇಬೇಕು’ ಎಂಬ ಎರಡನೆಯ ಭಾಗವನ್ನು ನಮಗೆ ಯಾರೂ ಹೇಳಲೇ ಇಲ್ಲ. ‘ಹೊಂದಿಕೊಂಡು ಹೋಗಿ’ ಎಂದರು ಎಲ್ಲರೂ.

ಅಂಕಿ ರಾಯ
ಕಾವೇರಿ ಅವರ ಮಾತಿಗೆ ಒಂದು ಸೇರ್ಪಡೆ. ಡಿಬಿಟಿ ಸರಿಯಾಗಿ ಕಲಿತವರು ನಮ್ಮಲ್ಲಿ ಬೆರಳೆಣಿಕೆ, ಅದೂ ಬೆಂಗಳೂರಿನಲ್ಲಿ, ಒಂದು ಭೇಟಿಗೆ ಸಾವಿರಾರು ರೂಪಾಯಿ. ಹಾವೇರಿಯವರು ಏನು ಮಾಡಬೇಕು?

ಕಾವೇರಿ ಕಣಿವೆ
ನಿಜ, ಅದಕ್ಕೆ ನನ್ನಲ್ಲೂ ಒಳ್ಳೆಯ ಉತ್ತರವಿಲ್ಲ. ಹಾವೇರಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅದು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಹೊರರೋಗಿ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಓಡಬೇಕಾಗಿಲ್ಲ. ಬೆಳಿಗ್ಗೆ ಬೇಗ ಹೋಗಿ, ಸರದಿ ಉದ್ದ. ಡಿಬಿಟಿ ಎಂಬ ಹೆಸರೇ ಬೇಕೆಂದಿಲ್ಲ. ಒಬ್ಬರೇ ಚಿಕಿತ್ಸಕರನ್ನು ತಿಂಗಳುಗಟ್ಟಲೆ ಬಿಡದೆ ನೋಡುವುದು ಮುಖ್ಯ. ಮೂರನೆಯ ಭೇಟಿಗೆ ಅವರ ಮೇಲೂ ಸಿಟ್ಟು ಬರುತ್ತದೆ, ಆಗ ಬಿಟ್ಟು ಬರಬೇಡಿ.

ವರದಾ ತೀರ
ಐದು ದಿನಗಳ ಮೇಲೆ ಬರೆಯುತ್ತಿದ್ದೇನೆ. ಡಬ್ಲಿನ್ ಅಣ್ಣ ಕೇಳಿದ್ದನ್ನು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ನೀನು ತಣ್ಣಗಿದ್ದೀಯಲ್ಲ, ಹೇಗೆ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ಇದು: ಮನೆಯಲ್ಲಿ ಯಾರಾದರೂ ಸ್ವಲ್ಪ ದನಿ ಎತ್ತಿದರೂ ಅವನು ಎದ್ದು ಹೊಲದ ಪಂಪ್‌ಸೆಟ್ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನಂತೆ. ಕೆಲವೊಮ್ಮೆ ರಾತ್ರಿಯಿಡೀ. ‘ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಗಿದೆ’ ಎಂದು ಅವನ ಹೆಂಡತಿ ಅಳುತ್ತಾಳಂತೆ. ಅವನು ತಣ್ಣಗಿಲ್ಲ, ಕಟ್ಟಿಗೆ ಕೋಣೆಯಿಂದ ಇನ್ನೂ ಹೊರಗೇ ಬಂದಿಲ್ಲ. ನಾನು ಓಣಿಯಲ್ಲಿ, ಅವನು ಕೋಣೆಯಲ್ಲಿ. ಅಮ್ಮನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅವರ ಅಪ್ಪನ ಮನೆಯಲ್ಲಿ ಏನಿತ್ತೋ.

ಮಗಳಿಗೆ ಕಾವೇರಿ ಅಕ್ಕ ಹೇಳಿದಂತೆಯೇ ಹೇಳಿದೆ. ‘ಸರಿ’ ಎಂದು ಆಟಕ್ಕೆ ಹೋದಳು. ಮರುದಿನ ಮತ್ತೆ ಹೊಸ್ತಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದಳು. ಒಂದೇ ದಿನದಲ್ಲಿ ಹೋಗುವಂಥದ್ದಲ್ಲ ಎಂದು ತಿಳಿಯಿತು.

ಗಂಡ ಈ ಚರ್ಚೆ ಓದಿದ್ದಾರೆ. ಒಂಟಿ ಎತ್ತು ಅವರು ಬರೆದ ಕಡೆ ನಿಂತು ಎರಡು ಸಲ ಓದಿದರು, ಏನೂ ಹೇಳಲಿಲ್ಲ. ಮಂಗಳವಾರ ರಜೆ ಹಾಕಿದ್ದಾರೆ. ಧಾರವಾಡಕ್ಕೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ, ತಮ್ಮನೂ ಬರುತ್ತೇನೆ ಎಂದಿದ್ದಾನೆ. ಬರುತ್ತಾನೋ, ಪಂಪ್‌ಸೆಟ್ ಮನೆಗೆ ಹೋಗುತ್ತಾನೋ ನೋಡಬೇಕು.

ಹಳೆ ಗ್ಯಾರೇಜು
ಬಸ್ಸು ಬೇಡ ತಂಗಿ, ಹುಬ್ಬಳ್ಳಿ ತನಕ ರೈಲು ನೋಡಿ. ಆರಾಮವಾಗಿ ಕುಳಿತು ಹೋಗಬಹುದು.

ಮಲ್ಲಿಗೆ ಮೊಗ್ಗು
ಹೋಗಿ ಬಂದು ಬರೆಯಿರಿ. ನಾನೂ ನಮ್ಮ ಊರಿನಲ್ಲಿ ವಿಚಾರಿಸುತ್ತಿದ್ದೇನೆ.

ನಿವೃತ್ತ ಮೇಷ್ಟ್ರು
ಹೊಸಪೇಟೆಯ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದೆ. ಬರದೇ ಇದ್ದವರ ಲೆಕ್ಕ ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. 1987ರಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ದಿನವೂ ತೂಕಡಿಸುತ್ತಿದ್ದ. ಸೋಮಾರಿ ಎಂದು ಒಂದು ವಾರ ಬಾರಿಸಿದೆ. ಎಂಟನೆಯ ದಿನದಿಂದ ಬರಲಿಲ್ಲ. ಹೆಸರಿನ ಮುಂದೆ ತಿಂಗಳಿಡೀ ಗೈರು ಹಾಕಿ, ಆಮೇಲೆ ಕೆಂಪು ಗೆರೆ ಎಳೆದೆ. ಮನೆಯಲ್ಲಿ ರಾತ್ರಿಯೆಲ್ಲ ಹೊಡೆದಾಟ, ಮಕ್ಕಳು ದೇವಸ್ಥಾನದ ಕಟ್ಟೆಯ ಮೇಲೆ ಮಲಗುತ್ತಿದ್ದವು ಎಂದು ಜವಾನ ಹೇಳಿದ್ದು ಬಹಳ ದಿನದ ಮೇಲೆ.

ಹೊಸಪೇಟೆ ಹುಡುಗ
ಈಗ ಆತ ಎಲ್ಲಿದ್ದಾರೆ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು
ರಾಣೆಬೆನ್ನೂರಿನಲ್ಲಿ ಅವನ ಅಣ್ಣನ ಸೈಕಲ್ ಅಂಗಡಿ ಇದೆ. ಅಲ್ಲಿ ಕೇಳಿದರೆ ಗೊತ್ತಾಗುತ್ತದೆ. ಎರಡು ಸಲ ಅದರ ಮುಂದೆಯೇ ಹಾದುಹೋಗಿದ್ದೇನೆ. ಆಟೋದಿಂದ ಇಳಿದಿಲ್ಲ.